ತರಗತಿಯಲ್ಲಿ ಒಂದೇ ಒಂದು ಮೊಬೈಲ್: ಎಸ್‌ಡಿಎಂಸಿ ಸಭೆಯಲ್ಲಿ ಏನು ಹೇಳಲಿ?

ಸೀಮೆಸುಣ್ಣ (ಸೋಮವಾರ, ರಾತ್ರಿ 9.10)

ಎಲ್ಲರಿಗೂ ನಮಸ್ಕಾರ. ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಕಳೆದ ಗುರುವಾರ ಒಂಬತ್ತನೆಯ ತರಗತಿಯಲ್ಲಿ ಗುರುತ್ವಾಕರ್ಷಣೆಯ ಪಾಠ ನಡೆಯುತ್ತಿತ್ತು. ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ ಎಷ್ಟು ಏರುತ್ತದೆಂದು ಹೇಳುವ 9.8 ಎಂಬ ಸಂಖ್ಯೆಯನ್ನು ಮಕ್ಕಳು ಮಗ್ಗಿಯಂತೆ ಒಪ್ಪಿಸುತ್ತಾರೆ. ಅದು ಎಲ್ಲಿಂದ ಬಂತು ಎಂದು ಕೇಳಿದರೆ ಪುಸ್ತಕ ತೋರಿಸುತ್ತಾರೆ. ಆ ದಿನ ನನ್ನ ಮೊಬೈಲನ್ನು ಮೇಜಿನ ಕೆಳಗೆ ನೆಲದ ಮೇಲೆ ಇಟ್ಟೆ. ಜರ್ಮನಿಯ ಆಖೆನ್ ವಿಶ್ವವಿದ್ಯಾಲಯದವರು ಮಾಡಿರುವ ಫೈಫಾಕ್ಸ್ ಎಂಬ ಉಚಿತ ಆ್ಯಪ್ ಇದೆ. ಅದರಲ್ಲಿ ಶಬ್ದಕ್ಕೆ ಓಡುವ, ಶಬ್ದಕ್ಕೆ ನಿಲ್ಲುವ ಒಂದು ಗಡಿಯಾರವಿದೆ. ಮೇಜಿನ ಅಂಚಿನಿಂದ ಸ್ಕೇಲನ್ನು ಹೊರಚಾಚಿ, ತುದಿಯಲ್ಲಿ ಎರಡು ರೂಪಾಯಿ ನಾಣ್ಯ ಇಟ್ಟು, ಸ್ಕೇಲಿಗೆ ಪಕ್ಕದಿಂದ ಪೆನ್ನಿನಲ್ಲಿ ಟಕ್ ಎಂದು ಹೊಡೆದೆವು. ಟಕ್ ಎಂದಾಗ ಗಡಿಯಾರ ಶುರು, ನಾಣ್ಯ ನೆಲಕ್ಕೆ ಬಿದ್ದು ಠಣ್ ಎಂದಾಗ ನಿಲುಗಡೆ. ಮೇಜಿನ ಎತ್ತರ 76 ಸೆಂಟಿಮೀಟರ್. ಮೊದಲ ಸಲ 0.392 ಸೆಕೆಂಡು. ಲೆಕ್ಕ ಹಾಕಿದರೆ 9.89 ಬಂತು. ಇನ್ನೊಂದು ಸಲ 0.401, ಆಗ 9.45. ‘ಪುಸ್ತಕದಲ್ಲಿ ಇರುವುದು ನಿಜವೇ ಮೇಡಂ!’ ಎಂದು ಒಬ್ಬಳು ಕೂಗಿದಳು. ಇಷ್ಟು ದಿನ ಸುಳ್ಳೆಂದುಕೊಂಡಿದ್ದಳೋ ಏನೋ.

ಸಂಜೆ ಒಬ್ಬ ಹುಡುಗ ಮನೆಯಲ್ಲಿ ಹೇಳಿದ್ದು ಒಂದೇ ವಾಕ್ಯ: ‘ಇವತ್ತು ಮೇಡಂ ಶಾಲೆಯಲ್ಲಿ ಮೊಬೈಲ್ ಕೊಟ್ಟರು.’ ಮರುದಿನ ಅವನ ತಂದೆ ಬಂದು, ‘ಮನೆಯಲ್ಲಿ ಹೊಡೆದು ಬಡಿದು ಮೊಬೈಲ್ ಬಿಡಿಸುತ್ತಿದ್ದೇವೆ, ನೀವು ಶಾಲೆಯಲ್ಲಿ ಹಿಡಿಸುತ್ತೀರಾ?’ ಎಂದರು. ಮುಖ್ಯ ಶಿಕ್ಷಕರು ವಿಷಯವನ್ನು ಶನಿವಾರದ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಗೆ ಇಟ್ಟಿದ್ದಾರೆ. 38 ಮಕ್ಕಳಿಗೆ ಇದ್ದದ್ದು ಒಂದು ಮೊಬೈಲ್, ಅದೂ ನನ್ನದು. ಸಭೆಯಲ್ಲಿ ಏನು ಹೇಳಲಿ? ಅನುಭವ ಇರುವವರು ತಿಳಿಸಿ.

ಹಳೆ ಹೆಡ್‌ಮಾಸ್ತರ (ಸೋಮವಾರ, ರಾತ್ರಿ 9.48)

ತಾಯಿ, ನಿಮ್ಮ ಉತ್ಸಾಹವನ್ನು ಕಡೆಗಣಿಸುತ್ತಿಲ್ಲ. ಆದರೆ ಮೂವತ್ತೆರಡು ವರ್ಷ ಶಾಲೆಯ ಬೀಗದ ಕೈ ಇಟ್ಟುಕೊಂಡವನು ನಾನು, ಇಂಥ ಉತ್ಸಾಹಗಳು ಬಂದು ಹೋದದ್ದನ್ನು ಕಂಡಿದ್ದೇನೆ. ಮೊದಲು ರೇಡಿಯೋ ಬಂತು. ‘ಕೇಳಿ ಕಲಿ’ ಪಾಠ ಬರುವ ಹೊತ್ತಿಗೆ ಸರಿಯಾಗಿ ಬ್ಯಾಟರಿ ಮುಗಿದಿರುತ್ತಿತ್ತು. ಆಮೇಲೆ 2004ರ ಸೆಪ್ಟೆಂಬರಿನಲ್ಲಿ ಎಜುಸ್ಯಾಟ್ ಉಪಗ್ರಹ ಹಾರಿತು. ಪಾಠವನ್ನೇ ಆಕಾಶದಿಂದ ಇಳಿಸುತ್ತೇವೆಂದು ನಮ್ಮ ಚಾಮರಾಜನಗರ ಜಿಲ್ಲೆಯನ್ನೇ ಪ್ರಯೋಗಕ್ಕೆ ಆರಿಸಿಕೊಂಡರು. ನಮ್ಮ ಶಾಲೆಯ ಮಾಳಿಗೆಗೂ ಒಂದು ಡಿಶ್ ಬಂತು. ಎರಡು ವರ್ಷ ಚೆನ್ನಾಗಿಯೇ ನಡೆಯಿತು. ನಾನು ನಿವೃತ್ತನಾಗುವ ಹೊತ್ತಿಗೆ ಆ ಡಿಶ್ಶಿನಲ್ಲಿ ಮಳೆನೀರು ನಿಂತು ಗುಬ್ಬಚ್ಚಿಗಳು ಸ್ನಾನ ಮಾಡುತ್ತಿದ್ದವು.

ಯಂತ್ರ ಕೆಟ್ಟದ್ದೆಂದು ಹೇಳುತ್ತಿಲ್ಲ. ಯಂತ್ರ ಬಂದಾಗಲೆಲ್ಲ ಮೇಷ್ಟರು ಒಂದು ಹೆಜ್ಜೆ ಹಿಂದೆ ಸರಿದು ಗೋಡೆಗೆ ಒರಗಿ ನಿಲ್ಲುತ್ತಾರೆ. ನಾನು ಹೆದರುವುದು ಅದಕ್ಕೆ. ಪಠ್ಯಪುಸ್ತಕದ ಕ್ಯೂಆರ್ ಕೋಡ್‌ಗೆ ಮೊಬೈಲ್ ಹಿಡಿದು, ವಿಡಿಯೊ ಹಚ್ಚಿ, ‘ನೋಡಿಕೊಳ್ಳಿ’ ಎಂದು ರಿಜಿಸ್ಟರ್ ಬರೆಯಲು ಕೂರುವವರು ಇಲ್ಲವೇ?

ಅಡಿಕೆ ತೋಟ (ಸೋಮವಾರ, ರಾತ್ರಿ 10.20)

ಆ ತಂದೆಯ ಜಾಗದಲ್ಲಿ ನಾನಿದ್ದರೂ ಬಂದು ಕೇಳುತ್ತಿದ್ದೆ. ಕೋಪ ಮಾಡಿಕೊಳ್ಳಬೇಡಿ ಮೇಡಂ.

ನಾವು ಸುಳ್ಯದ ಕಡೆಯವರು. 2020ರಲ್ಲಿ ಶಾಲೆ ಮುಚ್ಚಿದಾಗ ಮಗಳಿಗಾಗಿ ಸಾಲ ಮಾಡಿ ಮೊಬೈಲ್ ತಂದೆ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಗುಡ್ಡದ ಮೇಲಿನ ಬಂಡೆಯ ಮೇಲೆ ಎರಡು ಗೆರೆ ಸಿಗುತ್ತಿತ್ತು. ಮಳೆಯಲ್ಲಿ ಪಾಠ ಕೇಳುವ ಮಗಳಿಗೆ ಅಪ್ಪನೊಬ್ಬ ಕೊಡೆ ಹಿಡಿದು ನಿಂತ ಚಿತ್ರ 2021ರಲ್ಲಿ ಪತ್ರಿಕೆಗಳಲ್ಲಿ ಬಂದಿತ್ತಲ್ಲ, ಅದು ನಮ್ಮ ತಾಲ್ಲೂಕಿನದೇ. ಹಾಗೆ ಕೊಡೆ ಹಿಡಿದ ಅಪ್ಪಂದಿರು ಎಷ್ಟೋ ಮಂದಿ. ಆ ಎರಡು ವರ್ಷದಲ್ಲಿ ಮಗಳು ಪಾಠ ಕಲಿತಳೋ ಇಲ್ಲವೋ, ಅವಳ ತಮ್ಮ ಮಾತ್ರ ಆಟಗಳನ್ನು ಕಲಿತ. ಶಾಲೆ ತೆರೆದ ಮೇಲೂ ಬಿಡಿಸಲಾಗಲಿಲ್ಲ. ‘ಮೊಬೈಲ್ ಇಲ್ಲದೆ ಓದಲಾಗುವುದಿಲ್ಲ’ ಎಂದು ನಮಗೆ ಹೇಳಿಕೊಟ್ಟವರೂ ಶಾಲೆಯವರೇ, ‘ಮಕ್ಕಳ ಕೈಗೆ ಯಾಕೆ ಕೊಟ್ಟಿರಿ’ ಎಂದು ಆಮೇಲೆ ಗದರಿಸಿದವರೂ ಶಾಲೆಯವರೇ. ಈಗ ‘ಮೊಬೈಲ್’ ಎಂಬ ಶಬ್ದ ಕಿವಿಗೆ ಬಿದ್ದರೆ ಸಾಕು, ನಮ್ಮಂಥವರಿಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಸೀಮೆಸುಣ್ಣ (ಸೋಮವಾರ, ರಾತ್ರಿ 10.31)

ಇಲ್ಲ ಸರ್, ಕೋಪವಿಲ್ಲ. ಇದನ್ನು ಮೊದಲೇ ಕೇಳಿಸಿಕೊಳ್ಳಬೇಕಿತ್ತು ನಾನು. ಆ ತಂದೆ ಬಂದಾಗ ನಾಣ್ಯ, ಸ್ಕೇಲು ಎಂದು ಏನೇನೋ ವಿವರಿಸುತ್ತಾ ಹೋದೆ. ಅವರು ಅದನ್ನು ಕೇಳಲು ಬಂದವರೇ ಅಲ್ಲ ಎಂದು ಈಗ ಅನ್ನಿಸುತ್ತಿದೆ.

ಆದೇಶ ಸಂಧಿ (ಮಂಗಳವಾರ, ಬೆಳಿಗ್ಗೆ 7.05)

ನಾನು ಕನ್ನಡ ಮೇಷ್ಟರು. ನನ್ನ ತರಗತಿಯಲ್ಲೂ ಒಂದೇ ಮೊಬೈಲ್, ಅದು ನನ್ನ ಜೇಬಿನಲ್ಲೇ ಇರುತ್ತದೆ. ಮಕ್ಕಳ ಕೈಯಲ್ಲಿ ಇರುವುದು ಕಾಗದ.

ಪ್ಲಿಕರ್ಸ್ ಎಂದು ಒಂದು ವ್ಯವಸ್ಥೆ. ಪ್ರತಿ ಮಗುವಿಗೂ ಕ್ಯೂಆರ್ ಕೋಡ್‌ನಂಥ ಕಪ್ಪು ಚೌಕದ ಚಿತ್ರವಿರುವ ಒಂದು ಕಾರ್ಡು. ನಾಲ್ಕು ಬದಿಗೆ ಎ, ಬಿ, ಸಿ, ಡಿ. ಉತ್ತರ ಬಿ ಆದರೆ ಬಿ ಮೇಲೆ ಬರುವಂತೆ ಕಾರ್ಡು ಎತ್ತಿ ಹಿಡಿಯುತ್ತಾರೆ. ನಾನು ಮೊಬೈಲಿನ ಕ್ಯಾಮೆರಾವನ್ನು ಕೊಠಡಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಒಮ್ಮೆ ತಿರುಗಿಸಿದರೆ ಯಾರು ಯಾವ ಉತ್ತರ ಕೊಟ್ಟರೆಂದು ಪಟ್ಟಿಯಾಗಿ ಬರುತ್ತದೆ. ಒಬ್ಬೊಬ್ಬರ ಕಾರ್ಡಿನ ಚಿತ್ರ ಒಂದೊಂದು ತರಹ, ಅಕ್ಷರಗಳು ಸಣ್ಣವು, ಹಾಗಾಗಿ ಪಕ್ಕದವನದನ್ನು ನೋಡಿ ತಿರುಗಿಸಲು ಆಗುವುದಿಲ್ಲ.

ಉದಾಹರಣೆಗೆ ‘ಮಳೆಗಾಲ’ ಯಾವ ಸಂಧಿ ಎಂದು ಕೇಳಿದೆ. ಕೈ ಎತ್ತಿ ಎಂದಿದ್ದರೆ ಮುಂದಿನ ಬೆಂಚಿನ ನಾಲ್ವರು ‘ಆದೇಶ ಸಂಧಿ ಸರ್’ ಎನ್ನುತ್ತಿದ್ದರು, ನಾನು ಸಂತೋಷದಿಂದ ಮುಂದಿನ ಪಾಠಕ್ಕೆ ಹೋಗುತ್ತಿದ್ದೆ. ಕಾರ್ಡು ಎತ್ತಿಸಿದರೆ ಅರ್ಧಕ್ಕಿಂತ ಹೆಚ್ಚು ಮಕ್ಕಳು ಆಗಮ ಎಂದಿದ್ದರು! ಯಾಕೆಂದು ಕೇಳಿದರೆ, ‘ಗಕಾರ ಹೊಸದಾಗಿ ಬಂತಲ್ಲ ಸರ್’. ಕಾಲ ಎಂಬುದರ ಕಕಾರ ಹೋಗಿ ಆ ಜಾಗಕ್ಕೆ ಗಕಾರ ಬಂದಿದೆ ಎಂಬುದನ್ನು ಅವರು ನೋಡಿಯೇ ಇರಲಿಲ್ಲ. ‘ಮನೆಯಲ್ಲಿ’ ಪಕ್ಕದಲ್ಲಿ ಬರೆದು, ಅಲ್ಲಿ ಯಕಾರ ಬಂದದ್ದಕ್ಕೂ ಇಲ್ಲಿ ಗಕಾರ ಬಂದದ್ದಕ್ಕೂ ಇರುವ ವ್ಯತ್ಯಾಸವನ್ನು ಇಡೀ ಪೀರಿಯಡ್ ಹೇಳಬೇಕಾಯಿತು. ಹದಿನಾಲ್ಕು ವರ್ಷದಿಂದ ಸಂಧಿ ಕಲಿಸುತ್ತಿದ್ದೇನೆ, ಈ ತಪ್ಪು ಅಲ್ಲಿದೆಯೆಂದು ನನಗೆ ಗೊತ್ತಾದದ್ದು ಅಂದೇ.

ಹೆಡ್‌ಮಾಸ್ತರರೇ, ಇಲ್ಲಿ ಮೇಷ್ಟರು ಗೋಡೆಗೆ ಒರಗಲಿಲ್ಲ. ಕೆಲಸ ಇಮ್ಮಡಿಯಾಯಿತು.

ಕೊನೆಯ ಬೆಂಚು (ಮಂಗಳವಾರ, ಮಧ್ಯಾಹ್ನ 1.40)

ನಾನು ಬಿ.ಎಸ್ಸಿ. ವಿದ್ಯಾರ್ಥಿ. ವಿದ್ಯಾರ್ಥಿಗಳ ಕಡೆಯಿಂದ ಒಂದು ತಪ್ಪೊಪ್ಪಿಗೆ. ನಾವು ಓದಿದ ಕಾಲೇಜಿನಲ್ಲಿ ಒಬ್ಬ ಉಪನ್ಯಾಸಕರು ಬಹಳ ಆಧುನಿಕರು, ‘ಎಲ್ಲರೂ ಮೊಬೈಲ್ ತೆಗೆಯಿರಿ, ಕ್ವಿಜ್ ಮಾಡೋಣ’ ಎನ್ನುತ್ತಿದ್ದರು. ಅರವತ್ತು ಮೊಬೈಲ್‌ಗಳು ಹೊರಗೆ ಬರುತ್ತಿದ್ದವು. ಕ್ವಿಜ್ ಹತ್ತು ನಿಮಿಷ. ಒಳಗೆ ಹೋಗಲು ಮೊಬೈಲ್‌ಗಳಿಗೆ ಪೀರಿಯಡ್ ಮುಗಿಯುವವರೆಗೂ ಸಮಯ ಬೇಕಾಗುತ್ತಿತ್ತು. ನಾನು ಒಂದು ಇಡೀ ಕ್ರಿಕೆಟ್ ಸರಣಿಯನ್ನು ಡೆಸ್ಕಿನ ಕೆಳಗೆ ನೋಡಿದ್ದೇನೆ.

ಅದೇ ಕಾಲೇಜಿನ ಲ್ಯಾಬಿನಲ್ಲಿ ಇನ್ನೊಬ್ಬರು ಟಿವಿ ರಿಮೋಟ್ ತಂದು, ಗುಂಡಿ ಒತ್ತಿ, ‘ಬೆಳಕು ಕಾಣುತ್ತದೆಯೇ?’ ಎಂದರು. ಇಲ್ಲ. ಮೊಬೈಲ್ ಕ್ಯಾಮೆರಾದ ಮೂಲಕ ನೋಡಿದರೆ ರಿಮೋಟಿನ ಮೂತಿಯಲ್ಲಿ ನೇರಳೆ ಬೆಳಕು ಮಿನುಗುತ್ತಿತ್ತು. ಅವಕೆಂಪು ಕಿರಣ ನಮ್ಮ ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಕೆಲವು ಮೊಬೈಲ್‌ಗಳಲ್ಲಿ ಹಿಂದಿನ ಕ್ಯಾಮೆರಾಕ್ಕೆ ತಡೆ ಹಾಕಿರುತ್ತಾರೆ, ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು. ಇಡೀ ವರ್ಷದಲ್ಲಿ ನೆನಪಿರುವ ಪಾಠ ಅದೊಂದೇ. ಕ್ವಿಜ್‌ಗಳಲ್ಲಿ ಏನು ಕೇಳಿದರೋ ದೇವರೇ ಬಲ್ಲ.

ಅಂದಹಾಗೆ ಮೇಡಂ, ಕಡಿಮೆ ಬೆಲೆಯ ಮೊಬೈಲ್‌ಗಳಲ್ಲಿ ಕಾಂತಕ್ಷೇತ್ರ ಅಳೆಯುವ ಸಂವೇದಕ ಎಷ್ಟೋ ಸಲ ಇರುವುದಿಲ್ಲ. ಹತ್ತನೆಯ ತರಗತಿಗೆ ತಂತಿಯ ಸುತ್ತಲಿನ ಕಾಂತಕ್ಷೇತ್ರ ತೋರಿಸುವ ಯೋಜನೆ ಇದ್ದರೆ ಮನೆಯಲ್ಲೇ ಪರೀಕ್ಷಿಸಿಕೊಂಡು ಹೋಗಿ. ಮೈಕ್ ಮಾತ್ರ ಎಲ್ಲದರಲ್ಲೂ ಇರುತ್ತದೆ, ಹಾಗಾಗಿ ಶಬ್ದದ ಪ್ರಯೋಗಗಳು ಕೈಕೊಡುವುದಿಲ್ಲ.

ಲಿಯೋನಿನ ಕನ್ನಡತಿ (ಮಂಗಳವಾರ, ಸಂಜೆ 6.15)

ಫ್ರಾನ್ಸಿನಲ್ಲಿ ಹನ್ನೊಂದು ವರ್ಷದಿಂದ ಇದ್ದೇವೆ. ಇಲ್ಲಿ 2018ರಲ್ಲೇ ಕಾನೂನು ಬಂತು. ಸುಮಾರು ಹದಿನೈದು ವಯಸ್ಸಿನವರೆಗಿನ ಮಕ್ಕಳು ಓದುವ ಶಾಲೆಗಳಲ್ಲಿ ಮೊಬೈಲ್ ಬಳಸುವಂತಿಲ್ಲ. ಆಟದ ಬಿಡುವಿನಲ್ಲೂ ಇಲ್ಲ. ‘ಫ್ರಾನ್ಸೇ ನಿಷೇಧಿಸಿದೆ’ ಎಂದು ಊರಿನ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬರುತ್ತಿರುತ್ತದೆ. ಆದರೆ ಅದೇ ಕಾನೂನಿನಲ್ಲಿ ಇನ್ನೆರಡು ಮಾತಿವೆ, ಅವನ್ನು ಯಾರೂ ಹಂಚುವುದಿಲ್ಲ. ಶಾಲೆಯ ನಿಯಮಾವಳಿ ಒಪ್ಪಿದರೆ ಪಾಠದ ಉದ್ದೇಶಕ್ಕೆ ಬಳಸಬಹುದು. ಅಂಗವಿಕಲ ಮಕ್ಕಳಿಗೆ ಬೇಕಾದ ಸಾಧನಗಳಿಗೆ ನಿಷೇಧ ಅನ್ವಯಿಸುವುದಿಲ್ಲ. ನನ್ನ ಮಗನ ಮೊಬೈಲ್ ಬೆಳಿಗ್ಗೆ ಚೀಲದೊಳಗೆ ಹೋದರೆ ಸಂಜೆಯೇ ಹೊರಬರುವುದು. ಆದರೂ ಜೀವಶಾಸ್ತ್ರದವರು ಕೇಳಿದ ದಿನ ಎಲೆಯ ಚಿತ್ರ ತೆಗೆಯಲು ಹೊರಬಂದಿದೆ.

ಬಿಳಿಕೋಲು (ಮಂಗಳವಾರ, ರಾತ್ರಿ 8.30)

ಲಿಯೋನಿನ ಸಹೋದರಿ ಹೇಳಿದ ಎರಡನೆಯ ಮಾತಿಗಾಗಿಯೇ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಹುಟ್ಟಿನಿಂದ ದೃಷ್ಟಿ ಇಲ್ಲ. ಸಮಾಜ ವಿಜ್ಞಾನದ ಶಿಕ್ಷಕ. ಈ ಚರ್ಚೆಯನ್ನು ಮೊಬೈಲಿನ ಟಾಕ್‌ಬ್ಯಾಕ್ ನನಗೆ ಓದಿ ಹೇಳುತ್ತಿದೆ, ನಾನು ಬರೆಯುತ್ತಿರುವುದೂ ಅದರಲ್ಲೇ. ‘ಮೊಬೈಲ್ ಬೇಕೇ ಬೇಡವೇ’ ಎಂದು ನೀವು ಚರ್ಚಿಸುವುದನ್ನು ಕೇಳಿದಾಗ, ‘ಸೀಮೆಸುಣ್ಣ ಬೇಕೇ ಬೇಡವೇ’ ಎಂದು ಯಾರೋ ಸಭೆ ಕರೆದಂತೆ ನನಗೆ ಅನ್ನಿಸುತ್ತದೆ.

ನಾನು ಓದುವಾಗ ಬ್ರೈಲ್ ಪುಸ್ತಕ ಶಾಲೆಗೆ ಬರುವ ಹೊತ್ತಿಗೆ ಅರ್ಧ ವರ್ಷ ಕಳೆದಿರುತ್ತಿತ್ತು. ಗೆಳೆಯನೊಬ್ಬ ಓದಿ ಹೇಳಬೇಕು, ಅವನಿಗೆ ಜ್ವರ ಬಂದರೆ ನನಗೂ ರಜೆ. ಈಗ ನನ್ನ ತರಗತಿಯಲ್ಲಿ ದೃಷ್ಟಿ ಇಲ್ಲದ ಒಬ್ಬ ಹುಡುಗಿ ಇದ್ದಾಳೆ, ಇಯರ್‌ಫೋನ್ ಹಾಕಿಕೊಂಡು ಪಾಠ ಕೇಳಿಸಿಕೊಳ್ಳುತ್ತಾಳೆ. ಎಲ್ಲವೂ ಸುಗಮವೆಂದುಕೊಳ್ಳಬೇಡಿ. ಕನ್ನಡದ ಎಷ್ಟೋ ಪಿಡಿಎಫ್‌ಗಳು ಯೂನಿಕೋಡ್‌ನಲ್ಲಿ ಇಲ್ಲ, ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿವೆ. ನಿಮ್ಮ ಕಣ್ಣಿಗೆ ‘ಕದಂಬರು’ ಎಂದು ಕಾಣುವ ಶಬ್ದದ ಒಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ರಾಶಿ. ಓದುವ ಯಂತ್ರ ಅದನ್ನು ಹಾಗೆಯೇ ಗೊಣಗುತ್ತದೆ. ಮಯೂರವರ್ಮನ ಕಥೆ ಕೇಳಲು ಕೂತ ಮಗುವಿನ ಕಿವಿಗೆ ಬೀಳುವುದು ಅದು. ಆ ಹುಡುಗಿಗಾಗಿ ನಾನು ರಾತ್ರಿ ಕೂತು ಪಾಠಗಳನ್ನು ಯೂನಿಕೋಡ್‌ಗೆ ಬದಲಿಸುತ್ತೇನೆ. ಒತ್ತಕ್ಷರ ತಪ್ಪಿದ ಕಡೆಗಳನ್ನು ನನ್ನ ಹೆಂಡತಿ ತಿದ್ದುತ್ತಾಳೆ.

ನಿಮ್ಮ ಸಭೆಯಲ್ಲಿ ‘ಶಾಲೆಯ ಆವರಣದಲ್ಲಿ ಮೊಬೈಲ್ ಸಂಪೂರ್ಣ ನಿಷೇಧ’ ಎಂದು ನಿರ್ಣಯ ಬರೆಯುವ ಮೊದಲು ಇಂಥ ಮಗು ನಿಮ್ಮಲ್ಲಿ ಇದೆಯೇ ಎಂದು ನೋಡಿಕೊಳ್ಳಿ.

ಹಳೆ ಹೆಡ್‌ಮಾಸ್ತರ (ಮಂಗಳವಾರ, ರಾತ್ರಿ 9.02)

ಬಿಳಿಕೋಲು ಅವರಿಗೆ ನನ್ನ ಎದುರುಮಾತಿಲ್ಲ. ಕನ್ನಡ ಮೇಷ್ಟರ ಕಾರ್ಡೂ ಒಪ್ಪಿಗೆ. ‘ಮಳೆಗಾಲ’ ಎಂದರೆ ಆಗಮ ಎಂದು ನನ್ನ ಶಿಷ್ಯರೂ ತಿಳಿದುಕೊಂಡೇ ಪಾಸಾಗಿ ಹೋದರೇನೋ ಎಂಬ ಹೊಸ ಚಿಂತೆ ಹತ್ತಿಸಿದಿರಿ.

ಆದರೆ ಒಂದು ಕೇಳುತ್ತೇನೆ. ಮಕ್ಕಳು ಮೊಬೈಲಿನಲ್ಲಿ ಕನ್ನಡ ಬರೆಯುವುದು ಇಂಗ್ಲಿಷ್ ಅಕ್ಷರ ಒತ್ತಿ. ಶಬ್ದ ಅರ್ಧ ಆಗುವಷ್ಟರಲ್ಲಿ ಯಂತ್ರವೇ ಪೂರ್ತಿ ಮಾಡಿಕೊಡುತ್ತದೆ. ನನ್ನ ಮೊಮ್ಮಗನಿಗೆ ‘ಹಳ್ಳಿ’ಯೂ ‘ಹಲ್ಲಿ’ಯೂ ಒಂದೇ ಆಗಿದೆ. ಕಿಟೆಲ್ ಕೋಶ ತೆರೆದು ಕೊಟ್ಟರೆ ಯಾವ ಅಕ್ಷರದ ಮುಂದೆ ಯಾವುದು ಬರುತ್ತದೆಂದು ತಿಳಿಯದೆ ತಲೆ ಕೆರೆದುಕೊಂಡ.

ಆದೇಶ ಸಂಧಿ (ಮಂಗಳವಾರ, ರಾತ್ರಿ 9.25)

ನಿಜ ಗುರುಗಳೇ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕೂತು ಕಟ್ಟಿದ ‘ಅಲರ್’ ನಿಘಂಟು 2019ರಿಂದ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತಿದೆ, ನಾನು ದಿನವೂ ಬಳಸುತ್ತೇನೆ. ಆದರೆ ಕಾಗುಣಿತದ ಸಾಲನ್ನು ಅದು ಕಲಿಸುವುದಿಲ್ಲ. ಹಾಗಾಗಿ ವಾರಕ್ಕೊಂದು ದಿನ ಅಚ್ಚಿನ ಕೋಶವನ್ನೇ ಮೇಜಿನ ಮೇಲೆ ಇಡುತ್ತೇನೆ.

ಅಂಕಿ ಸಂಖ್ಯೆ (ಬುಧವಾರ, ಬೆಳಿಗ್ಗೆ 10.10)

ಸಭೆಯಲ್ಲಿ ಯಾರಾದರೂ ‘ಸಂಶೋಧನೆ ಹೇಳಿದೆ’ ಎಂದು ಶುರು ಮಾಡಿದರೆ ನಿಮ್ಮ ಬಳಿ ಇರಲಿ ಎಂದು ಕೊಡುತ್ತಿದ್ದೇನೆ.

ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ 2015ರಲ್ಲಿ ಹೊರತಂದ ಅಧ್ಯಯನವೊಂದು ಇಂಗ್ಲೆಂಡಿನ 4 ನಗರಗಳ 91 ಶಾಲೆಗಳನ್ನು ನೋಡಿತು. ಮೊಬೈಲ್ ನಿಷೇಧಿಸಿದ ಮೇಲೆ ಅಂಕಗಳು ಏರಿದ್ದವು. ಹೆಚ್ಚು ಏರಿದ್ದು ಕಲಿಕೆಯಲ್ಲಿ ಹಿಂದುಳಿದ ಮಕ್ಕಳದು, ಜಾಣರಿಗೆ ಏನೂ ವ್ಯತ್ಯಾಸವಾಗಿರಲಿಲ್ಲ. ಅದೇ ವಿಧಾನದಲ್ಲಿ ಸ್ವೀಡನ್ನಿನಲ್ಲಿ ನೋಡಿದವರಿಗೆ 2020ರಲ್ಲಿ ಅಂಥ ಪರಿಣಾಮ ಕಾಣಲಿಲ್ಲ. ಎರಡೂ ಮಕ್ಕಳ ಜೇಬಿನಲ್ಲಿ ಮೊಬೈಲ್ ಇರುವ ಶಾಲೆಗಳ ಮಾತು. ಶಿಕ್ಷಕಿಯ ಒಂದು ಮೊಬೈಲ್ ನೆಲದ ಮೇಲೆ ನಾಣ್ಯದ ಸದ್ದು ಕೇಳುತ್ತಾ ಕೂತಿದ್ದರ ಬಗ್ಗೆ ಅವು ಏನನ್ನೂ ಹೇಳುವುದಿಲ್ಲ.

ನಮ್ಮ ಹಳ್ಳಿಗಳ ಚಿತ್ರ ಬೇಕೆಂದರೆ ‘ಅಸರ್’ ಎಂಬ ಗ್ರಾಮೀಣ ಶಿಕ್ಷಣ ಸಮೀಕ್ಷೆಯ 2024ರ ವರದಿ ನೋಡಿ. ದೇಶದ ಗ್ರಾಮೀಣ ಭಾಗದ 14ರಿಂದ 16 ವಯಸ್ಸಿನವರಲ್ಲಿ ಶೇ 82ರಷ್ಟು ಮಂದಿಗೆ ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ. ಹಿಂದಿನ ವಾರದಲ್ಲಿ ಕಲಿಕೆಗಾಗಿ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76. ಅದಕ್ಕೂ ಹಿಂದಿನ ವರ್ಷ 14ರಿಂದ 18 ವಯಸ್ಸಿನವರನ್ನು ಕೇಳಿದಾಗ, ಬಳಸಲು ಬರುವ ಹುಡುಗರಲ್ಲಿ ಶೇ 44ರಷ್ಟು ಮಂದಿಗೆ ಸ್ವಂತ ಮೊಬೈಲ್ ಇತ್ತು, ಹುಡುಗಿಯರಲ್ಲಿ ಶೇ 20ರಷ್ಟು ಮಂದಿಗೆ. ‘ಮನೆಯಲ್ಲಿ ಮೊಬೈಲಿನಲ್ಲಿ ಮಾಡಿಕೊಂಡು ಬನ್ನಿ’ ಎಂದು ಹೋಂವರ್ಕ್ ಕೊಟ್ಟರೆ ಯಾರು ಮಾಡುತ್ತಾರೆ, ಯಾರಿಗೆ ಆಗುವುದಿಲ್ಲ ಎಂಬುದು ಅಲ್ಲೇ ಇದೆ.

ಬಿಸಿಯೂಟದ ಲೆಕ್ಕ (ಬುಧವಾರ, ಮಧ್ಯಾಹ್ನ 3.30)

ಎಲ್ಲರೂ ಮಕ್ಕಳ ಮೊಬೈಲ್ ಬಗ್ಗೆ ಮಾತಾಡುತ್ತಿದ್ದೀರಿ. ನಮ್ಮ ಮೊಬೈಲ್ ಬಗ್ಗೆ ಒಬ್ಬರಾದರೂ ಕೇಳಿದಿರಾ? ಹಾಜರಾತಿ ಅದರಲ್ಲಿ, ಊಟದ ಸಂಖ್ಯೆ ಅದರಲ್ಲಿ, ತರಬೇತಿ ಅದರಲ್ಲಿ, ‘ತುರ್ತು, ಹನ್ನೆರಡು ಗಂಟೆಯೊಳಗೆ’ ಎಂಬ ಸಂದೇಶವೂ ಅದರಲ್ಲೇ. ಮೊಬೈಲ್ ನಮ್ಮದು, ಡೇಟಾ ನಮ್ಮದು, ಪರದೆ ಒಡೆದರೆ ರಿಪೇರಿಯೂ ನಮ್ಮದೇ. ಪಾಠದ ಮಧ್ಯೆ ನಾನು ಮೊಬೈಲ್ ತೆಗೆದರೆ ಅದು ಪಾಠಕ್ಕೋ ಕಚೇರಿಗೋ ಎಂದು ಮಕ್ಕಳಿಗೆ ಗೊತ್ತಾಗುವುದಿಲ್ಲ. ಕಿಟಕಿಯಿಂದ ನೋಡುವ ಊರಿನವರಿಗಂತೂ ‘ಮೇಡಂ ಮೊಬೈಲ್ ನೋಡುತ್ತಾ ಕೂತಿದ್ದರು’ ಅಷ್ಟೇ. ಪ್ರಯೋಗಕ್ಕೆ ಬಳಸುವಾಗ ಏರೋಪ್ಲೇನ್ ಮೋಡ್ ಹಾಕಿಡಿ. ಒಮ್ಮೆ ನಾನು ಚಿತ್ರ ತೋರಿಸುತ್ತಿದ್ದಾಗ ನಾದಿನಿಯ ಸಂದೇಶ ಮೇಲಿನಿಂದ ಇಳಿದು ಬಂತು. ಅದರಲ್ಲಿ ಏನಿತ್ತೆಂದು ಹೇಳುವುದಿಲ್ಲ. ಏಳನೆಯ ತರಗತಿಗೆ ಮಾತ್ರ ಇನ್ನೂ ನೆನಪಿದೆ.

ಅಡಿಕೆ ತೋಟ (ಗುರುವಾರ, ರಾತ್ರಿ 8.45)

ಮೇಡಂ, ಎರಡು ದಿನ ಯೋಚಿಸಿದೆ. ಸಭೆಯಲ್ಲಿ ಭಾಷಣ ಮಾಡಬೇಡಿ. ಅಂಕಿಅಂಶವನ್ನೂ ಹೇಳಬೇಡಿ, ನಮಗೆ ತಲೆಗೆ ಹೋಗುವುದಿಲ್ಲ. ಆ ಪ್ರಯೋಗವನ್ನು ನಮ್ಮಂಥವರ ಮುಂದೆಯೇ ಮಾಡಿ ತೋರಿಸಿ. ಸಾಧ್ಯವಾದರೆ ಆ ತಂದೆಯ ಮೊಬೈಲಿನಲ್ಲೇ ಮಾಡಿ.

ಕೊನೆಯ ಬೆಂಚು (ಗುರುವಾರ, ರಾತ್ರಿ 9.00)

ಹಾಗಾದರೆ ಶಬ್ದದ ವೇಗ ಅಳೆಯಿರಿ ಮೇಡಂ, ಅದಕ್ಕೆ ಎರಡು ಮೊಬೈಲ್ ಬೇಕೇ ಬೇಕು. ಹತ್ತು ಮೀಟರ್ ದೂರದಲ್ಲಿ ಒಂದೊಂದು ಇಡಿ, ಒಂದೊಂದರ ಪಕ್ಕ ಒಬ್ಬೊಬ್ಬರು. ಮೊದಲನೆಯವರು ಚಪ್ಪಾಳೆ ತಟ್ಟಿದರೆ ಎರಡೂ ಗಡಿಯಾರ ಶುರುವಾಗುತ್ತವೆ, ಆದರೆ ದೂರದ್ದು ಸ್ವಲ್ಪ ತಡವಾಗಿ. ಎರಡನೆಯವರು ತಟ್ಟಿದರೆ ಎರಡೂ ನಿಲ್ಲುತ್ತವೆ, ಈ ಸಲ ಇನ್ನೊಂದು ತಡವಾಗಿ. ಎರಡು ಸಮಯಗಳ ವ್ಯತ್ಯಾಸದಲ್ಲಿ ಶಬ್ದ ಹೋಗಿ ಬಂದಷ್ಟು ದೂರ, ಅಂದರೆ ಇಪ್ಪತ್ತು ಮೀಟರ್ ಅಡಗಿದೆ. ಕಳೆದು ಭಾಗಿಸಿದರೆ ಆಯಿತು.

ಸೀಮೆಸುಣ್ಣ (ಶನಿವಾರ, ಸಂಜೆ 5.50)

ಸಭೆ ಮುಗಿಯಿತು. ಜಗಲಿಯಲ್ಲಿ ಟೇಪು ಹಿಡಿದು ಹತ್ತು ಮೀಟರ್ ಅಳೆದೆವು. ಆ್ಯಪ್ ಹಾಕಿಸಿಕೊಳ್ಳಲು ಆ ತಂದೆ ಮೊದಲು ಒಪ್ಪಲಿಲ್ಲ. ದುಡ್ಡು ಕಟ್ಟಾಗುತ್ತದೆಯೇ ಎಂದು ಮೂರು ಸಲ ಕೇಳಿದರು. ಆಮೇಲೆ ಅವರ ಮಗನೇ ಹಾಕಿಕೊಟ್ಟ. ಒಂದು ತುದಿಯಲ್ಲಿ ಅಪ್ಪ, ಇನ್ನೊಂದು ತುದಿಯಲ್ಲಿ ಮಗ.

ಮೊದಲ ವ್ಯತ್ಯಾಸ 0.058 ಸೆಕೆಂಡು. ಆಮೇಲೆ 0.056. ಆಮೇಲೆ 0.212! ಹುಡುಗ, ‘ಅಪ್ಪಾ, ನೀನು ತಟ್ಟುವಾಗಲೇ ಆ ಕಡೆ ಬಕೆಟ್ ಬಿತ್ತು, ಗಡಿಯಾರ ಅದಕ್ಕೇ ನಿಂತಿತು, ಇದನ್ನು ಬಿಟ್ಟುಬಿಡಬೇಕು’ ಎಂದ. ಅಪ್ಪ, ‘ಬೇಡದ ಲೆಕ್ಕ ಬಂದರೆ ಬಿಟ್ಟುಬಿಡುವುದಾದರೆ ಇದೆಂಥ ಲೆಕ್ಕ?’ ಎಂದರು. ವಾದ ಜೋರಾಯಿತು. ಕೊನೆಗೆ ಬಕೆಟ್ಟನ್ನು ಬೇಕೆಂದೇ ಮತ್ತೊಮ್ಮೆ ಬೀಳಿಸಿ ನೋಡಿದೆವು, ಲೆಕ್ಕ ಮತ್ತೆ ದಾರಿ ತಪ್ಪಿತು, ಆಗ ಒಪ್ಪಿದರು. ನಾಲ್ಕನೆಯದು 0.059. ಸರಿಬಂದ ಮೂರರ ಸರಾಸರಿ ತೆಗೆದು ಕಪ್ಪುಹಲಗೆಯ ಮೇಲೆ ಲೆಕ್ಕ ಮಾಡಿದವನು ಹುಡುಗ, ಮೊಬೈಲ್ ಅಲ್ಲ. ಸೆಕೆಂಡಿಗೆ 347 ಮೀಟರ್ ಬಂತು. ಪುಸ್ತಕದಲ್ಲಿ 22 ಡಿಗ್ರಿಗೆ 344 ಎಂದಿದೆ, ಇವತ್ತು ಇಲ್ಲಿ ಸೆಖೆ ಅದಕ್ಕಿಂತ ಹೆಚ್ಚೇ ಇತ್ತು.

ನಿರ್ಣಯ: ಮಕ್ಕಳು ಮೊಬೈಲ್ ತರುವಂತಿಲ್ಲ. ಶಿಕ್ಷಕರು ಬಳಸುವ ದಿನ ಪಾಠಯೋಜನೆಯಲ್ಲಿ ಮೊದಲೇ ಬರೆದು ಮುಖ್ಯ ಶಿಕ್ಷಕರ ಸಹಿ ಪಡೆಯಬೇಕು. ಬಿಳಿಕೋಲು ಸರ್, ವಿಶೇಷ ಅಗತ್ಯವಿರುವ ಮಕ್ಕಳಿಗೆ ಇದು ಅನ್ವಯಿಸುವುದಿಲ್ಲ ಎಂದು ಒಂದು ಸಾಲು ಸೇರಿಸಿದ್ದೇವೆ. ಇಬ್ಬರು ಸದಸ್ಯರು ಕೊನೆಯವರೆಗೂ ಒಪ್ಪಲಿಲ್ಲ.

ಹೊರಡುವಾಗ ಆ ತಂದೆ ಕೇಳಿದ್ದು: ‘ಮೇಡಂ, ಇದರಲ್ಲಿ ಬೋರ್‌ವೆಲ್ ನೀರು ಎಷ್ಟು ಆಳದಲ್ಲಿದೆ ಎಂದು ನೋಡಬಹುದೇ?’ ನಮ್ಮ ಕಡೆಯವರಿಗೆ ಬೇರೆ ಯಾವ ಪ್ರಶ್ನೆ ಬಂದೀತು! ಬೋರ್‌ವೆಲ್ಲಿಗೆ ಕಲ್ಲು ಹಾಕುವುದು ಬೇಡವೇ ಬೇಡ ಎಂದೆ. ಆದರೆ ಶಾಲೆಯ ಹಿಂದೆ ಹಳೆಯ ತೆರೆದ ಬಾವಿಯೊಂದಿದೆ.

ಕೊನೆಯ ಬೆಂಚು (ಶನಿವಾರ, ಸಂಜೆ 6.20)

ಕಲ್ಲು ಬಿಡುವ ಕ್ಷಣದಲ್ಲೇ ಒಬ್ಬರು ಚಪ್ಪಾಳೆ ತಟ್ಟಲಿ, ನೀರಿನ ಸದ್ದಿಗೆ ಗಡಿಯಾರ ನಿಲ್ಲುತ್ತದೆ. ನೀರು ಇಪ್ಪತ್ತು ಮೀಟರ್ ಕೆಳಗಿದ್ದರೆ ಕಲ್ಲು ಬೀಳಲು ಸುಮಾರು 2.02 ಸೆಕೆಂಡು, ಸದ್ದು ಮೇಲೆ ಬರಲು ಇನ್ನೂ 0.06 ಸೆಕೆಂಡು. ಆ ಎರಡನೆಯದನ್ನು ಕಳೆಯಬೇಕೆಂದು ಮಕ್ಕಳೇ ಕಂಡುಹಿಡಿಯುತ್ತಾರೋ ನೋಡಿ, ಮೊದಲೇ ಹೇಳಬೇಡಿ.

ಹಳೆ ಹೆಡ್‌ಮಾಸ್ತರ (ಶನಿವಾರ, ರಾತ್ರಿ 8.15)

ಬಾವಿಗೆ ಕಟ್ಟೆ ಗಟ್ಟಿಯಾಗಿದೆಯೇ ಎಂದು ಮೊದಲು ನೀವೊಬ್ಬರೇ ಹೋಗಿ ನೋಡಿ ಬನ್ನಿ, ತಾಯಿ. ಮಕ್ಕಳನ್ನು ಐದೈದು ಮಂದಿಯಾಗಿ ಕರೆದೊಯ್ಯಿರಿ, ಜೊತೆಗೆ ದೊಡ್ಡವರು ಇಬ್ಬರು ಇರಲಿ. ಮತ್ತೆ, ಹಿಂದಿನ ದಿನವೇ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಆಳವನ್ನು ಅಳೆದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಮೊಬೈಲ್ ಎಷ್ಟು ಹೇಳಿತೆಂದು ಇಲ್ಲಿ ತಿಳಿಸಿ.